ಸೀಮೆ ಮಣಿಯ ಸರ

ಕಳೆದ ಗೌರಿ ಹಬ್ಬಕ್ಕೆ ಮೈಸೂರಿಗೆ ಹೋಗಿದ್ದಾಗ ಅಕ್ಕ ನನ್ನ ಕೈಗೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಕೊಟ್ಟಳು. ಮುಚ್ಚಳ ತುಕ್ಕು ಹಿಡಿದು ಬಿಗಿಯಾಗಿತ್ತು. ಅಲ್ಲಾಡಿಸಿದರೆ ಒಳಗೆ ರಾಗಿ ಸುರಿದಂಥ ಸದ್ದು. "ಅತ್ತೆ ಪೋಣಿಸಿದ ಸರ ಕಣೆ. ದಾರ ಪಿಸಿದುಹೋಗಿದೆ. ಮೊಮ್ಮಗಳು ತನ್ನ ಆರತಕ್ಷತೆಗೆ ಇದನ್ನೇ ಹಾಕ್ಕೋತೀನಿ ಅಂತ ಹಟ ಹಿಡಿದಿದ್ದಾಳೆ. ನನ್ನ ಕಣ್ಣಿಗಂತೂ ಸೂಜಿ ಕಾಣೋದಿಲ್ಲ. ನೀನೇ ಮಾಡಿಕೊಡು" ಎಂದಳು. ಪೊರೆ ತೆಗೆಸಿಕೊಂಡ ಮೇಲೆ ನನ್ನ ಕಣ್ಣು ಚೆನ್ನಾಗಿವೆ ಎನ್ನುವುದು ನಿಜ. ಆದರೆ ಅವಳು ನನಗೇ ಕೊಟ್ಟದ್ದಕ್ಕೆ ಬೇರೆ ಕಾರಣವೂ ಇರಬಹುದೆಂದು ಆಗಲೇ ಅನ್ನಿಸಿತು. ಅರವತ್ತು ವರ್ಷಕ್ಕೂ ಮೀರಿ ಆ ಸರದ ಮಾತನ್ನು ನಾವಿಬ್ಬರೂ ಎತ್ತಿರಲಿಲ್ಲ.

ಅತ್ತೆ ಎಂದರೆ ನಮ್ಮ ಅಪ್ಪನ ಅಕ್ಕ. ಹನ್ನೊಂದಕ್ಕೆ ಮದುವೆ, ಹದಿನಾರಕ್ಕೆ ಎಲ್ಲ ಮುಗಿದು ತವರಿಗೆ ಬಂದವರು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವರಿಗೆ ಐವತ್ತು ದಾಟಿತ್ತು. ಮಡಿ ಸೀರೆ, ಬರಿಯ ಕೊರಳು, ಬರಿಯ ಕೈ. ಅಂಥ ಕೈಯಲ್ಲಿ ಅವರು ಇಡೀ ಕೇರಿಗೆ ಮಣಿಯ ಕೆಲಸ ಮಾಡಿಕೊಡುತ್ತಿದ್ದರು. ಬಾಗಿಲಿಗೆ ಮಣಿಯ ತೋರಣ, ಕಳಶದ ತೆಂಗಿನಕಾಯಿಗೆ ಮಣಿಯ ಕವಚ, ದಸರೆಯ ಪಟ್ಟದ ಗೊಂಬೆಗೆ ಅಂಗೈಯಷ್ಟು ಅಗಲದ ಅಡ್ಡಿಕೆ, ಗೌರಿಗೆ ಮೂರೆಳೆ ಸರ. ಮಧ್ಯಾಹ್ನ ಎಲ್ಲರ ಊಟವಾಗಿ, ತಮ್ಮ ಒಪ್ಪೊತ್ತಿನ ಊಟವೂ ಆದ ಮೇಲೆ ಹಿತ್ತಿಲ ಜಗಲಿಯಲ್ಲಿ ಬಿಳಿಯ ಪಂಚೆಯ ತುಂಡು ಹಾಸಿಕೊಂಡು ಕೂರುತ್ತಿದ್ದರು. ದಾರಕ್ಕೆ ಜೇನುಮೇಣ ತಿಕ್ಕಿ ನೆಟ್ಟಗೆ ಮಾಡುವುದು ನನ್ನ ಪಾಲಿನ ಕೆಲಸ.

ಅವರಿಗೆ ಓದು ಬರಹ ಹೆಚ್ಚು ಬರುತ್ತಿರಲಿಲ್ಲ. ಮಾದರಿಯನ್ನು ಎಲ್ಲಿಂದ ತೆಗೆಯುತ್ತಿದ್ದರು ಎಂದರೆ ರಂಗೋಲಿಯಿಂದ. ನೆಲದ ಮೇಲೆ ಚುಕ್ಕಿ ಇಟ್ಟುಕೊಳ್ಳುವುದು, ಒಂದು ಚುಕ್ಕಿಗೆ ಒಂದು ಮಣಿ. ಹದಿನೈದು ಚುಕ್ಕಿಯ ಕಮಲ ನೋಡನೋಡುತ್ತಿದ್ದಂತೆ ದಾರದ ಮೇಲೇರಿ ಗಾಜಿನ ಕಮಲವಾಗುತ್ತಿತ್ತು. ಮಣಿಗಳು ಬರುತ್ತಿದ್ದುದು ಸಂತೇಪೇಟೆಯ ಒಂದು ಅಂಗಡಿಯಿಂದ, ಲಡಿಲಡಿಯಾಗಿ, ಆಗಲೇ ತೆಳ್ಳನೆಯ ದಾರಕ್ಕೆ ಪೋಣಿಸಿಕೊಂಡು. ಅತ್ತೆ ಅವನ್ನು 'ಸೀಮೆ ಮಣಿ' ಎನ್ನುತ್ತಿದ್ದರು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆ ಮಣಿ. ಆ ದಾರ ಬಿಚ್ಚಿ ಮಣಿಗಳನ್ನು ಬಟ್ಟಲಿಗೆ ಸುರಿದುಕೊಂಡು ಅವರು ಪ್ರತಿಸಲವೂ ಒಂದು ಮಾತು ಹೇಳುತ್ತಿದ್ದರು: "ಯಾವಳೋ ಪುಣ್ಯಾತ್ಗಿತ್ತಿ ಕೂತು ಪೋಣಿಸಿದ್ದಾಳೆ, ನಾನು ಕೂತು ಬಿಚ್ತಿದ್ದೀನಿ." ಪೋಣಿಸಿದವಳು ಹೆಂಗಸೇ ಎಂದು ಅವರಿಗೆ ಹೇಗೆ ಗೊತ್ತಾಯಿತೋ. ನಾನು ಕೇಳಲಿಲ್ಲ.

ಅಕ್ಕನ ಮದುವೆ ನಿಶ್ಚಯವಾದದ್ದು 1963ರಲ್ಲಿ. ಹಿಂದಿನ ವರ್ಷವಷ್ಟೇ ಚೀನಾದ ಯುದ್ಧ. ಊರೂರಿನಲ್ಲಿ ಹೆಂಗಸರು ರಕ್ಷಣಾ ನಿಧಿಗೆ ಬಳೆ ಬಿಚ್ಚಿ ಕೊಟ್ಟರು. ನಮ್ಮಮ್ಮನ ಎರಡು ಜೊತೆ ಬಳೆ ಹೋದದ್ದೂ ಆಗಲೇ. ಅದರ ಬೆನ್ನಿಗೇ 1963ರ ಜನವರಿಯಲ್ಲಿ ಚಿನ್ನದ ನಿಯಂತ್ರಣ ಬಂತು. ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿ. ಹದಿನಾಲ್ಕು ಕ್ಯಾರೆಟ್ಟಿಗಿಂತ ಹೆಚ್ಚಿನ ಚಿನ್ನದಲ್ಲಿ ಹೊಸ ಒಡವೆ ಮಾಡುವಂತಿಲ್ಲ. ಹದಿನಾಲ್ಕು ಕ್ಯಾರೆಟ್ ಎಂದರೆ ನೂರರಲ್ಲಿ ಐವತ್ತೆಂಟು ಪಾಲು ಚಿನ್ನ, ಮಿಕ್ಕದ್ದು ಬೇರೆ ಲೋಹ. ಅಕ್ಕಸಾಲಿಗರ ಮನೆಗಳಲ್ಲಿ ಒಲೆ ಹತ್ತದೆ ಹೋಯಿತು. ಎಷ್ಟೋ ಜನ ಕಸುಬೇ ಬಿಟ್ಟರು, ಕೆಲವರು ಪ್ರಾಣವನ್ನೂ ಬಿಟ್ಟರು. ನಿಯಮ ಮುಂದೆ ಸಡಿಲವಾಯಿತು, 1968ರಲ್ಲಿ ಕಾಯಿದೆಯಾಯಿತು, 1990ರಲ್ಲಿ ರದ್ದಾಯಿತು. ಆದರೆ ಮದುವೆಯ ಮುಹೂರ್ತ ಕಾಯಿದೆ ರದ್ದಾಗುವವರೆಗೆ ಕಾಯುತ್ತದೆಯೆ? ತಾಳಿಗೂ ಓಲೆಗೂ ಹೇಗೋ ಹಳೆಯ ಚಿನ್ನ ಹೊಂದಿಸಿದ್ದಾಯಿತು. ಆರತಕ್ಷತೆಗೆ ಕೊರಳು ತುಂಬುವಂಥದ್ದು ಏನೂ ಇರಲಿಲ್ಲ.

ಆಗ ಅತ್ತೆ ಮೂರು ತಿಂಗಳು ಕೂತು ಒಂದು ಸರ ಮಾಡಿದರು. ಐದೆಳೆ. ತಿಳಿ ಗಾಜಿನ ಸಣ್ಣ ಮಣಿ, ತೂತಿನೊಳಗೆ ಬೆಳ್ಳಿ ಬಳಿದದ್ದು. ನಡುನಡುವೆ ಅಕ್ಕಿಕಾಳಿನಂಥ ಕೊಳವೆ ಮಣಿ. ಎದೆಯ ಮೇಲೆ ಬರುವ ಕಡೆ ಕೆಂಪು ಮಣಿಯ ಕಮಲ, ಅದರ ಕೆಳಗೆ ಮುತ್ತಿನ ಕುಚ್ಚು. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಅಕ್ಕ ಉಸಿರಾಡಿದರೆ ಸಾಕು, ಇಡೀ ಎದೆ ಮಿಂಚುತ್ತಿತ್ತು. ಬೀಗರ ಕಡೆಯ ಒಬ್ಬರು ಹತ್ತಿರ ಬಂದು ಸರವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಚೆನ್ನಾಗಿದೆ. ನಿಜದ್ದಾ?" ಎಂದು ಕೇಳಿದರು. ಅಕ್ಕ ತಲೆ ತಗ್ಗಿಸಿದಳು. ಪಕ್ಕದಲ್ಲಿ ನಿಂತಿದ್ದವಳು ನಾನು, ಹನ್ನೊಂದು ವರ್ಷದ ಚೂಟಿ. "ಅಯ್ಯೋ, ನಿಜದ್ದಲ್ಲ! ಬರೀ ಗಾಜು. ನಮ್ಮತ್ತೆ ಪೋಣಿಸಿದ್ದು" ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದೆ. ನಾಲ್ಕು ಜನ ನಕ್ಕರು. ನಾನೂ ನಕ್ಕೆ. ಒಳಬಾಗಿಲ ಮರೆಯಲ್ಲಿ ಅತ್ತೆ ನಿಂತಿದ್ದರು. ಶುಭಕಾರ್ಯದಲ್ಲಿ ಅವರು ಅದಕ್ಕಿಂತ ಮುಂದೆ ಬರುವಂತಿರಲಿಲ್ಲ. ಕಮಲ ಎದೆಯ ನಡುವೆ ಸರಿಯಾಗಿ ಕೂತಿದೆಯೇ ಎಂದು ನೋಡಲು ಅಷ್ಟು ದೂರ ಬಂದಿದ್ದರು.

ಆಮೇಲೆ ಅವರು ತೋರಣ ಮಾಡಿದರು, ಗೊಂಬೆಗೆ ಸರ ಮಾಡಿದರು, ಗೌರಿಗೂ ಮಾಡಿದರು. ಮನುಷ್ಯರ ಕೊರಳಿಗೆ ಮಾತ್ರ ಮತ್ತೆ ಪೋಣಿಸಲಿಲ್ಲ. ಯಾರು ಕೇಳಿದರೂ "ಕಣ್ಣು ಮಂಜು ಕಣಮ್ಮ" ಎನ್ನುತ್ತಿದ್ದರು. 1978ರಲ್ಲಿ ತೀರಿಕೊಂಡರು.

ಬರೀ ಗಾಜು. ಈ ಎರಡು ಮಾತು ನನ್ನನ್ನು ಬಿಡಲಿಲ್ಲವೆಂದೇ ಇರಬೇಕು, ಮುಂದೆ ಕೈಗೆ ಸಿಕ್ಕ ಇತಿಹಾಸದ ಪುಸ್ತಕದಲ್ಲೆಲ್ಲ ಮಣಿಯ ಮಾತು ಬಂದರೆ ನನ್ನ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ರಾಜರ ಯುದ್ಧಗಳನ್ನು ಹಾರಿಸಿಕೊಂಡು ಹೋಗಿ ಮಣಿಯನ್ನು ಓದುವುದು ವಿಚಿತ್ರವೇ. ಆದರೆ ಅಗೆತದವರಿಗೆ ಮಣಿಯಷ್ಟು ನಂಬಿಕೆಯ ಸಾಕ್ಷಿ ಕಡಿಮೆ. ಬಟ್ಟೆ ಮಣ್ಣಾಗುತ್ತದೆ, ದಾರ ಮಣ್ಣಾಗುತ್ತದೆ, ಚಿನ್ನವನ್ನು ಯಾರೋ ಕರಗಿಸಿಬಿಡುತ್ತಾರೆ, ಮಣಿ ಉಳಿಯುತ್ತದೆ. ನಮ್ಮ ಚಿತ್ರದುರ್ಗದ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗಲೂ ಮಡಕೆ ಚೂರುಗಳ ಜೊತೆಗೆ ಮಣಿಗಳು ಸಿಕ್ಕವು.

ಸಿಂಧೂ ಕಣಿವೆಯ ಕಥೆ ಕೇಳಿ. ಅಲ್ಲಿಯ ಸಿರಿವಂತರಿಗೆ ಪ್ರಿಯವಾದದ್ದು ಕಾರ್ನೀಲಿಯನ್ ಎಂಬ ಕೆಂಪು ಕಲ್ಲಿನ ಉದ್ದನೆಯ ಮಣಿ. ಗುಜರಾತಿನ ಕಡೆಯ ಕಲ್ಲು. ಅದನ್ನು ಕಾಯಿಸಿ ಕೆಂಪೇರಿಸಿ, ಚಕ್ಕೆ ಹೊಡೆದು, ಉಜ್ಜಿ, ಕೊನೆಗೆ ಉದ್ದಕ್ಕೂ ತೂತು ಕೊರೆಯಬೇಕು. ಅಮೆರಿಕದ ವಿದ್ವಾಂಸ ಕೆನೋಯರ್ ಅದೇ ರೀತಿಯ ಸಲಕರಣೆ ಇಟ್ಟುಕೊಂಡು ಕೊರೆದು ನೋಡಿದರು. ಒಂದು ಗಂಟೆಗೆ ಎರಡೂವರೆ ಮಿಲಿಮೀಟರ್ ಇಳಿಯಿತಂತೆ. ಎಂದರೆ 6 ಸೆಂಟಿಮೀಟರಿನ ಒಂದೇ ಮಣಿಗೆ ದಿನಕ್ಕೆ ಎಂಟು ಗಂಟೆಯಂತೆ ಮೂರು ದಿನ, ಅದೂ ತೂತಿಗೆ ಮಾತ್ರ. ಕರಾಚಿಯ ಹತ್ತಿರ ಅಲ್ಲಾಹ್‌ದಿನೋ ಎಂಬಲ್ಲಿ ಅಂಥ 36 ಮಣಿಗಳ ಒಂದು ಡಾಬು ಸಿಕ್ಕಿದೆ. ಒಬ್ಬ ಕೆಲಸಗಾರನ ಒಂದು ವರ್ಷಕ್ಕೂ ಹೆಚ್ಚಿನ ದುಡಿಮೆ ಯಾರದೋ ನಡುವಿನ ಸುತ್ತ! ಇಂಥ ಕೆಂಪು ಮಣಿಗಳು ಹಡಗೇರಿ ಮೆಸೊಪೊಟೇಮಿಯದ ಉರ್ ಪಟ್ಟಣದ ರಾಜಸಮಾಧಿಗಳವರೆಗೂ ಹೋಗಿವೆ. ಗುಜರಾತಿನ ಲೋಥಲ್‌ನಲ್ಲಿ ಮಣಿ ಮಾಡುವ ಕಾರ್ಖಾನೆಯೇ ಸಿಕ್ಕಿತು. 1955ರಿಂದ ಅಲ್ಲಿ ಅಗೆತ ನಡೆಸಿದವರು ನಮ್ಮ ಕನ್ನಡಿಗರೇ ಆದ ಎಸ್. ಆರ್. ರಾವ್.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಡಾಬಲ್ಲ. ಅದೇ ಊರುಗಳಲ್ಲಿ ಅದೇ ಆಕಾರದ, ಅದೇ ಉದ್ದದ ಮಣ್ಣಿನ ಮಣಿಗಳೂ ಸಿಕ್ಕಿವೆ. ಜೇಡಿಮಣ್ಣಲ್ಲಿ ಮಾಡಿ, ಸುಟ್ಟು, ಮೇಲೆ ಕೆಂಪು ಬಣ್ಣ ಬಳಿದದ್ದು. ನಾಲ್ಕೂವರೆ ಸಾವಿರ ವರ್ಷದ ಹಿಂದೆ ಒಬ್ಬ ಹೆಂಗಸು, ಕಲ್ಲಿನ ಮಣಿ ಕೊಳ್ಳುವ ತ್ರಾಣ ಇಲ್ಲದವಳು, ಹಬ್ಬದ ದಿನ ಅದನ್ನು ಹಾಕಿಕೊಂಡು ಬೀದಿಗೆ ಬಂದಿದ್ದಾಳೆ. "ನಿಜದ್ದಾ?" ಎಂದು ಅವಳನ್ನೂ ಯಾರಾದರೂ ಕೇಳಿರಬೇಕು. ಪಕ್ಕದಲ್ಲಿ ನನ್ನಂಥ ಒಂದು ಹುಡುಗಿ ಇರಲಿಲ್ಲವೆಂದು ಹಾರೈಸುತ್ತೇನೆ.

ಗಾಜಿನ ಮಣಿಗೆ ಬಂದರೆ, ಅದನ್ನು ಲೋಕಕ್ಕೆಲ್ಲ ಹಂಚಿದವರಲ್ಲಿ ನಾವೂ ಮುಂದಿದ್ದೆವು. ಪುದುಚೇರಿಯ ಪಕ್ಕದ ಅರಿಕಮೇಡು ಎಂಬಲ್ಲಿ 1945ರಲ್ಲಿ ವೀಲರ್ ರೋಮನ್ನರ ಮಡಕೆಗಳನ್ನು ಕಂಡು ಪ್ರಸಿದ್ಧಿಗೆ ತಂದರು. 1989ರಿಂದ 1992ರವರೆಗೆ ಅಲ್ಲಿ ಮತ್ತೆ ಅಗೆಸಿದವರು ವಿಮಲಾ ಬೆಗ್ಲಿ ಎಂಬ ಮಹಿಳೆ. ರೋಮಿನಿಂದ ಬಂದದ್ದರ ಮಾತು ದೊಡ್ಡದಾಯಿತು. ಅಲ್ಲಿಂದ ಹೋದದ್ದರ ಮಾತು ನಿಧಾನವಾಗಿ ಬಂತು. ಅಲ್ಲಿ ಶತಮಾನಗಳ ಕಾಲ ಗಾಜಿನ ಪುಟ್ಟ ಮಣಿಗಳನ್ನು ಮಾಡುತ್ತಿದ್ದರು. ಕೆಂಪು, ಹಳದಿ, ಹಸಿರು, ನೀಲಿ, ಕಪ್ಪು. ಪೀಟರ್ ಫ್ರಾನ್ಸಿಸ್ ಎಂಬ ಸಂಶೋಧಕ ಈ ಬಗೆಯ ಮಣಿಗಳಿಗೆ ಇಂಡೋ-ಪೆಸಿಫಿಕ್ ಮಣಿ ಎಂದು ಹೆಸರಿಟ್ಟರು. ಯಾಕೆಂದರೆ ಅವು ಆಫ್ರಿಕದ ಪೂರ್ವ ಕರಾವಳಿಯಿಂದ ಹಿಡಿದು ಕೊರಿಯಾ, ಜಪಾನಿನವರೆಗೆ ಮಣ್ಣಿನಲ್ಲಿ ಸಿಗುತ್ತವೆ.

ಅದೇ ವಿದ್ಯೆ ಆಂಧ್ರದಲ್ಲಿ ತಿರುಪತಿಯ ಹತ್ತಿರದ ಪಾಪನಾಯ್ಡುಪೇಟೆಯಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಉಳಿದಿತ್ತು. ಕುಲುಮೆಯೊಳಗೆ ಕರಗಿದ ಗಾಜನ್ನು ಉದ್ದನೆಯ ಕಬ್ಬಿಣದ ಕೊಳವೆಯ ತುದಿಗೆ ದೊಡ್ಡ ಮುದ್ದೆಯಾಗಿ ಸುತ್ತಿಕೊಳ್ಳುತ್ತಾರೆ. ಮುದ್ದೆಯ ನಡುವೆ ಟೊಳ್ಳು. ಇನ್ನೊಂದು ಕಡೆಯಿಂದ ಕಸುಬುದಾರ ಅದರ ಮೂತಿಯನ್ನು ಹಿಡಿದು ಎಳೆಯುತ್ತಾನೆ. ಶಾವಿಗೆಯಂತೆ ಗಾಜಿನ ಸಣ್ಣ ನಳಿಗೆ ಗಂಟೆಗಟ್ಟಲೆ ಬರುತ್ತಲೇ ಇರುತ್ತದೆ, ಒಳಗೆ ತೂತೂ ಹಾಗೆಯೇ ಉಳಿದಿರುತ್ತದೆ. ಆಮೇಲೆ ಕತ್ತರಿಸುವುದು. ಅಂಚು ಚೂಪಾಗಿರುತ್ತದೆಯಾದ್ದರಿಂದ ಬೂದಿಯೊಡನೆ ಕಲಸಿ ಮತ್ತೆ ಕಾಯಿಸುತ್ತಾರೆ. ಬೂದಿ ತೂತಿನೊಳಗೆ ಹೊಕ್ಕು ಅದು ಮುಚ್ಚದಂತೆ ಕಾಯುತ್ತದೆ, ಬಿಸಿಗೆ ಅಂಚು ಗುಂಡಗಾಗುತ್ತದೆ. ನಮ್ಮ ಕೊರಳಿನ ಕರಿಮಣಿಯ ಹಿಂದಿನ ವಿದ್ಯೆ ಇದು. ಮದುವೆಯಾದವಳ ಕೊರಳಲ್ಲಿ ಚಿನ್ನದ ಪಕ್ಕಕ್ಕೆ ಕೂತ ಕರಿಮಣಿಯೂ ಬರೀ ಗಾಜೇ. ಅದನ್ನು ಮಾತ್ರ ಯಾರೂ ನಿಜದ್ದಾ ಎಂದು ಕೇಳುವುದಿಲ್ಲ. ಅತ್ತೆ ಕಳೆದುಕೊಂಡದ್ದು ಆ ಗಾಜನ್ನೇ.

ಗಾಜಿಗೆ ಇಷ್ಟು ಹರಹು ಇದ್ದರೂ ಬರೆದಿಟ್ಟವರು ನೋಡಿದ್ದು ಬೇರೆಯದನ್ನು. ಅರ್ಥಶಾಸ್ತ್ರದಲ್ಲಿ ಮುತ್ತಿನ ಹಾರಗಳ ಪಟ್ಟಿಯೇ ಇದೆ. 1008 ಎಳೆಯ ಇಂದ್ರಚ್ಛಂದದಿಂದ ಒಂದೇ ಎಳೆಯ ಏಕಾವಳಿಯವರೆಗೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ ಮಹಾನವಮಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಅರಮನೆಯ ಹೆಂಗಸರ ಮೈಮೇಲೆ ಚಿನ್ನ, ಮುತ್ತು, ರತ್ನ ಎಷ್ಟಿದ್ದವೆಂದರೆ ಭಾರ ತಾಳಲಾರದೆ ಕೆಲವರನ್ನು ಅಕ್ಕಪಕ್ಕದ ಹೆಂಗಸರು ತೋಳು ಹಿಡಿದು ನಡೆಸುತ್ತಿದ್ದರಂತೆ. ಅವನ ಕಣ್ಣು ತೋಳು ಹಿಡಿದವರ ಕೊರಳಿನ ಕಡೆ ಹೋಗಲಿಲ್ಲ. ಬೇಲೂರಿನ ಶಿಲ್ಪಿಗಳು ಇದಕ್ಕಿಂತ ವಾಸಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಕಡೆದ ಮದನಿಕೆಯರ ಸರಗಳನ್ನು ಹತ್ತಿರದಿಂದ ನೋಡಿ. ಒಂದೊಂದು ಮಣಿಯೂ ಬಿಡಿಬಿಡಿ. ಪೋಣಿಸುವುದನ್ನು ಕೂತು ನೋಡಿದವರೇ ಅದನ್ನು ಕಡೆದಿರಬೇಕು ಎನ್ನಿಸುತ್ತದೆ.

ಇನ್ನು ಅತ್ತೆಯ ಸೀಮೆ ಮಣಿ. ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ಲೋಕದ ಪೇಟೆಗಳಿಗೆ ಇಂಥ ಸಣ್ಣ ಮಣಿ ರಾಶಿರಾಶಿಯಾಗಿ ಹೋಗುತ್ತಿದ್ದುದು ಮುಖ್ಯವಾಗಿ ಎರಡು ಕಡೆಯಿಂದ. ಒಂದು ಇಟಲಿಯ ವೆನಿಸ್, ಇನ್ನೊಂದು ಬೊಹೀಮಿಯ, ಈಗಿನ ಚೆಕ್ ದೇಶದ ಯಾಬ್ಲೊನೆಟ್ಸ್ ಸುತ್ತಿನ ಬೆಟ್ಟದೂರುಗಳು. ವೆನಿಸ್ಸಿನ ಮುರಾನೋ ದ್ವೀಪದಲ್ಲಿ 1291ರಿಂದ ಗಾಜಿನ ಕುಲುಮೆಗಳು. ಬೆಂಕಿಯ ಭಯಕ್ಕೆ ಅವನ್ನು ಪಟ್ಟಣದಿಂದ ಆಚೆ ಕಳಿಸಿದರು. ಕುಲುಮೆಯ ಕೆಲಸ ಗಂಡಸರದು. ಪೋಣಿಸುವ ಕೆಲಸ? ಅದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ವೆನಿಸ್ಸಿನ ಬಡ ಕೇರಿಗಳಲ್ಲಿ ಹೆಂಗಸರು ಮನೆಬಾಗಿಲಿಗೆ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಮರದ ಮೊರದಂಥ ತಟ್ಟೆ ತುಂಬ ಮಣಿ ಇಟ್ಟುಕೊಂಡು, ಕೈಯಲ್ಲಿ ಬೀಸಣಿಗೆಯಂತೆ ಹತ್ತಾರು ಉದ್ದನೆಯ ಸೂಜಿಗಳನ್ನು ಹರಡಿ ಹಿಡಿದು, ಮಣಿಗಳ ರಾಶಿಯೊಳಗೆ ಆಡಿಸುತ್ತಿದ್ದರು. ಮಣಿಗಳು ತಾವಾಗಿ ಸೂಜಿ ಏರುತ್ತಿದ್ದವು. ಅದನ್ನು ದಾರಕ್ಕಿಳಿಸಿ ಲಡಿ ಕಟ್ಟುವುದು. ಇಂಪಿರಾರೆಸ್ಸೆ ಎಂದು ಅವರ ಹೆಸರು, ನಮ್ಮ ಮಾತಿನಲ್ಲಿ ಪೋಣಿಸುವವರು. ಕೂಲಿ ತೀರ ಕಡಿಮೆ. 1904ರಲ್ಲಿ ಅವರು ಮುಷ್ಕರ ಹೂಡಿದ್ದೂ ಉಂಟು. 1880ರ ದಶಕದ ಆರಂಭದಲ್ಲಿ ಸಾರ್ಜೆಂಟ್ ಎಂಬ ಚಿತ್ರಕಾರ ಅವರನ್ನು ಚಿತ್ರಿಸಿದ್ದಾನೆ. ಮಬ್ಬುಗತ್ತಲ ಪಡಸಾಲೆ, ಶಾಲು ಹೊದ್ದ ಹೆಂಗಸರು. ಬೊಹೀಮಿಯದ ಬೆಟ್ಟಗಳಲ್ಲೂ ಮನೆಮನೆಯಲ್ಲಿ ಹೆಂಗಸರು ಮಕ್ಕಳು ಇದೇ ಕೆಲಸಕ್ಕೆ ಕೂರುತ್ತಿದ್ದರು. ಯಾವಳೋ ಪುಣ್ಯಾತ್ಗಿತ್ತಿ ಎಂದು ಅತ್ತೆ ಹೇಳುತ್ತಿದ್ದುದು ಊಹೆಯಲ್ಲ, ಕೈಗೆ ಕೈ ಗುರುತು ಹಿಡಿದದ್ದು.

ಈ ಎರಡೂ ಕಡೆ ಆಮೇಲೆ ಕೆಟ್ಟ ಕಾಲ ಬಂತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಯಾಬ್ಲೊನೆಟ್ಸಿನ ಜರ್ಮನ್ ಮಾತಾಡುವ ಕಸುಬುದಾರರನ್ನು ಹೊರಗಟ್ಟಿದರು. ಅವರಲ್ಲಿ ಬಹಳ ಜನ ಬವೇರಿಯಕ್ಕೆ ಹೋಗಿ ತಮ್ಮ ಊರಿನ ಹೆಸರಲ್ಲೇ ಹೊಸ ಊರು ಕಟ್ಟಿಕೊಂಡು ಮತ್ತೆ ಮಣಿ, ಒಡವೆ ಮಾಡಿದರು. ವೆನಿಸ್ಸಿನ ಸಣ್ಣ ಮಣಿಯ ದೊಡ್ಡ ಕಾರ್ಖಾನೆ 1990ರ ದಶಕದ ಆರಂಭದಲ್ಲಿ ಮುಚ್ಚಿಹೋಯಿತು.

ಗಾಜು ಹೊಳೆಯುವುದು ಹೇಗೆ ಎಂಬುದರಲ್ಲೂ ಮನುಷ್ಯನ ಬುದ್ಧಿ ಬಹಳ ಖರ್ಚಾಗಿದೆ. ಪ್ಯಾರಿಸ್ಸಿನಲ್ಲಿ ಸ್ಟ್ರಾಸ್ ಎಂಬ ಒಡವೆಗಾರ 1730ರ ದಶಕದಲ್ಲಿ ಸೀಸ ಬೆರೆಸಿದ ಗಾಜನ್ನು ವಜ್ರದಂತೆ ಸಾಣೆ ಹಿಡಿದ. ಸೀಸ ಬೆರೆತರೆ ಬೆಳಕು ಹೆಚ್ಚು ಬಾಗುತ್ತದೆ. ಬೊಹೀಮಿಯದಲ್ಲಿ ಹುಟ್ಟಿದ ಡೇನಿಯಲ್ ಸ್ವರೋವ್‌ಸ್ಕಿ 1892ರಲ್ಲಿ ಸಾಣೆಯ ಯಂತ್ರಕ್ಕೆ ಪೇಟೆಂಟ್ ಪಡೆದು 1895ರಲ್ಲಿ ಆಸ್ಟ್ರಿಯದ ವಾಟೆನ್ಸ್‌ನಲ್ಲಿ ಕಾರ್ಖಾನೆ ಹಾಕಿದ. ಇವತ್ತು ನಮ್ಮ ಮದುವೆಯ ರವಿಕೆಗಳ ಮೇಲೆ ಅವನ ಹೆಸರು ಕುಣಿಯುತ್ತದೆ. ಇನ್ನು ಕೃತಕ ಮುತ್ತು. ಹದಿನೇಳನೆಯ ಶತಮಾನದ ಪ್ಯಾರಿಸ್ಸಿನಲ್ಲೇ ಟೊಳ್ಳು ಗಾಜಿನ ಗುಂಡಿನ ಒಳಗೋಡೆಗೆ ಮೀನಿನ ಪೊರೆಯಿಂದ ತೆಗೆದ ಹೊಳಪು ಬಳಿದು, ಒಳಗೆ ಮೇಣ ತುಂಬಿದರು. ಚಿಕ್ಕಂದಿನಲ್ಲಿ ನಾನು ಅತ್ತೆಯ ಒಂದು ಮುತ್ತನ್ನು ಒರಳುಕಲ್ಲಿನ ಮೇಲಿಟ್ಟು ಜಜ್ಜಿದಾಗ ಒಳಗಿಂದ ಮೇಣ ಬಂದು ಬೆಚ್ಚಿದ್ದೆ. ಮುನ್ನೂರು ವರ್ಷದ ಉಪಾಯವನ್ನು ನಾನು ಒಡೆದಿದ್ದೆ ಎಂದು ಗೊತ್ತಾದದ್ದು ಈಚೆಗೆ. ಮೀನಿನ ವಿಷಯ ಆಗಲೇ ತಿಳಿದಿದ್ದರೆ ಅತ್ತೆ ಮಡಿಯಲ್ಲಿ ಮುತ್ತು ಮುಟ್ಟುತ್ತಿದ್ದರೋ ಇಲ್ಲವೋ!

ಡಬ್ಬಿಯ ಮಣಿಗಳನ್ನು ಬಿಳಿಯ ಬಟ್ಟೆಯ ಮೇಲೆ ಸುರಿದುಕೊಂಡು ಕೂತೆ. ಮೂರೆಳೆ ಪೂರ್ತಿ ಉದುರಿದ್ದವು, ಎರಡೆಳೆ ಮತ್ತು ಕಮಲ ಹೇಗೋ ಹಿಡಿದುಕೊಂಡಿದ್ದವು. ಬಿಚ್ಚುತ್ತ ಹೋದಂತೆ ಅವರ ಕೈ ಕಾಣತೊಡಗಿತು. ಕೊಕ್ಕೆಯ ಹತ್ತಿರ ದಾರ ಮೂರು ಸಲ ಹಿಂದಿರುಗಿ ಹೋಗಿದೆ. ಎಳೆತ ಬೀಳುವ ಜಾಗ ಅದೇ ಅಲ್ಲವೆ. ಕೈಯಿಂದಾದ ಮಣಿಗಳು ಒಂದೇ ಸಮ ಇರುವುದಿಲ್ಲ, ಒಂದು ದಪ್ಪ, ಒಂದು ತೆಳು. ಅತ್ತೆ ದಪ್ಪನೆಯದನ್ನು ಹೊರಸುತ್ತಿಗೆ, ತೆಳುವಾದದ್ದನ್ನು ಒಳಸುತ್ತಿಗೆ ಆರಿಸಿ ಇಟ್ಟಿದ್ದಾರೆ. ಅದಕ್ಕೇ ಸರ ಕೊರಳಿಗೆ ತಾನಾಗಿ ಬಾಗಿ ಕೂರುತ್ತಿತ್ತು. ಒಂದೊಂದು ಮಣಿಯನ್ನೂ ಬೆರಳಿಂದ ತೂಗಿ ಆರಿಸಿದ್ದು. ಆ ಮೂರು ತಿಂಗಳು ಹೋದದ್ದು ಎಲ್ಲಿ ಎಂದು ಈಗ ತಿಳಿಯಿತು.

ಲೆಕ್ಕ ಹಾಕಿದರೆ ಮುಂಭಾಗಕ್ಕೆ ಐವತ್ತಕ್ಕೂ ಹೆಚ್ಚು ಮಣಿ ಕಡಿಮೆ. ಬೆಂಗಳೂರಿಗೆ ಬಂದು ಚಿಕ್ಕಪೇಟೆಯ ಅಂಗಡಿಗಳನ್ನು ಸುತ್ತಿದೆ. ಅಂಗಡಿಯ ಹುಡುಗ ನನ್ನ ಮಣಿಯನ್ನು ಅಂಗೈಲಿಟ್ಟು ನೋಡಿ, "ಈ ಮಾಲು ಈಗ ಬರಲ್ಲ ಅಮ್ಮ" ಎಂದ. ಜಪಾನಿನದು ತೋರಿಸಿದ, ಚೀನಾದ್ದು ತೋರಿಸಿದ. ಜಪಾನಿನ ಮಣಿ ಬಹಳ ಚೆಂದ. ಯಂತ್ರದಲ್ಲಿ ಕತ್ತರಿಸಿದ್ದು, ಒಂದಕ್ಕೊಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಅದೇ ತೊಂದರೆ. ಅತ್ತೆಯ ಮಣಿಗಳ ನಡುವೆ ಅವು ಶಾಲೆಯ ಸಾಲಿನಲ್ಲಿ ನಿಂತಂತೆ ಕಂಡವು. ಕೊನೆಗೆ, ಜಡೆಯ ಕೆಳಗೆ ಮರೆಯಾಗುವ ಹಿಂಭಾಗದಿಂದ ಹಳೆಯ ಮಣಿಗಳನ್ನು ತೆಗೆದು ಮುಂದಕ್ಕೆ ತಂದು, ಹಿಂದಕ್ಕೆ ಜಪಾನಿನವನ್ನು ಹಾಕಿದೆ. ಹತ್ತಿ ದಾರದ ಬದಲು ನೈಲಾನ್. ಆದರೂ ಅಭ್ಯಾಸಕ್ಕೆ ಮೇಣ ತಿಕ್ಕಿದೆ. ಮೂರು ವಾರ ಹಿಡಿಯಿತು.

ಆರತಕ್ಷತೆಯ ಸಂಜೆ ಮೊಮ್ಮಗಳಿಗೆ ನಾನೇ ಕೊಕ್ಕೆ ಹಾಕಿದೆ. ಅವಳ ಗೆಳತಿಯೊಬ್ಬಳು ಬಾಗಿ ನೋಡಿ, "ವಾವ್, ಇದೇನು ಆಂಟಿಕ್ಕಾ? ನಿಜವಾದ್ದಾ ಅಜ್ಜಿ?" ಎಂದು ನನ್ನನ್ನೇ ಕೇಳಿದಳು. ಅಕ್ಕ ಪಕ್ಕದ ಕುರ್ಚಿಯಿಂದ ನನ್ನ ಮುಖ ನೋಡಿದಳು.

"ಗಾಜು ಕಣಮ್ಮ. ನಮ್ಮತ್ತೆ ಪೋಣಿಸಿದ್ದು" ಎಂದೆ.

ಆ ಹುಡುಗಿ ಸರವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅಕ್ಕ ಮೊಮ್ಮಗಳ ಕಡೆ ತಿರುಗಿ, "ಸೆಂಟು ಗಿಂಟು ಹಾಕ್ಕೊಂಡು ತೇವ ಮಾಡ್ಬೇಡ. ಬಿಚ್ಚಿದ ತಕ್ಷಣ ಒಣ ಬಟ್ಟೇಲಿ ಒರೆಸಿಡು. ಒಳಗಿನ ಬೆಳ್ಳಿ ಕಪ್ಪಾಗುತ್ತೆ" ಎಂದಳು. ಅದು ಅತ್ತೆ 1963ರಲ್ಲಿ ಡಬ್ಬಿಯ ಜೊತೆಗೆ ಅವಳಿಗೆ ಹೇಳಿ ಕಳಿಸಿದ ಮಾತು.